ಬುಡಕ್ಕೆ ಎಳೆದ ಸಿಮೆಂಟು

ಸೌದಿಯ ಹಾಯಿಲ್‌ನಲ್ಲಿದ್ದ ವರ್ಷಗಳ ನಾಲ್ಕು ದಿನಚರಿ ಪುಸ್ತಕಗಳು ಈಗಲೂ ನನ್ನಲ್ಲಿವೆ. ಒಂದರಲ್ಲಿ, ಎಂಬತ್ತರ ದಶಕದ ನಡುವಿನ ಒಂದು ನವೆಂಬರ್ ಸಂಜೆ ಬರೆದ ಎರಡು ವಾಕ್ಯಗಳಿವೆ: ‘ಕಫೀಲನ ತಾಯಿಯ ಮನೆಯ ಬುಡಕ್ಕೆ ಸಿಮೆಂಟು ಎಳೆದು ಮುಗಿಯಿತು. ಮೇಸ್ತ್ರಿಯೂ ಒಪ್ಪಿದರು.’ ನೆನಪನ್ನು ನಂಬಬಾರದೆಂದೇ ನಾನು ದಿನಚರಿ ಇಡಲು ಶುರು ಮಾಡಿದ್ದು. ಆದರೆ ಈ ಎರಡನೆಯ ವಾಕ್ಯವನ್ನು ಓದಿದಾಗಲೆಲ್ಲ ದಿನಚರಿಯನ್ನು ಬಿಟ್ಟು ನೆನಪನ್ನೇ ನಂಬಬೇಕಾಗುತ್ತದೆ. ಮೇಸ್ತ್ರಿ ಒಪ್ಪಿರಲಿಲ್ಲ.

ಉಡುಪಿಯ ಹತ್ತಿರದವನಾದ ನಾನು ಸಿವಿಲ್ ಎಂಜಿನಿಯರಿಂಗ್ ಪದವಿ ಮುಗಿಸಿ ಹಾಯಿಲ್‌ನ ಒಬ್ಬ ಸಣ್ಣ ಗುತ್ತಿಗೆದಾರನಲ್ಲಿ ಕೆಲಸಕ್ಕೆ ಸೇರಿದ್ದೆ. ಅವನೇ ನಮ್ಮ ಕಫೀಲ, ನಮ್ಮ ವೀಸಾಕ್ಕೂ ಅಲ್ಲಿ ವಾಸಿಸುವ ಪರವಾನಗಿಯಾದ ಇಕಾಮಾಕ್ಕೂ ಜವಾಬುದಾರ. ಮೇಸ್ತ್ರಿ ಬಂಟ್ವಾಳದ ಕಡೆಯ ಬ್ಯಾರಿ, ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಕಲ್ಲಿನ ಕೆಲಸದಲ್ಲಿ ಅವರನ್ನು ಸರಿಗಟ್ಟುವವರು ಅಲ್ಲಿ ಯಾರೂ ಇರಲಿಲ್ಲ. ಅವರು ನನ್ನನ್ನು ‘ಎಂಜಿನಿಯರ್ರೆ’ ಎಂದು ಕರೆಯುತ್ತಿದ್ದರು. ಅದರಲ್ಲಿ ಎಷ್ಟು ಮರ್ಯಾದೆ, ಎಷ್ಟು ತಮಾಷೆ ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಸೌದಿಯಲ್ಲಿ ಚಳಿಯೆಂದರೆ ಊರಿನವರು ನಂಬುತ್ತಿರಲಿಲ್ಲ. ಹಾಯಿಲ್ ಎತ್ತರದ ಊರು. ಡಿಸೆಂಬರ್, ಜನವರಿಯ ಬೆಳಿಗ್ಗೆ ಕೆಲಸದ ಜಾಗದ ಡ್ರಮ್ಮಿನ ನೀರಿನ ಮೇಲೆ ಗಾಜಿನಂಥ ಮಂಜುಗಡ್ಡೆಯ ಪದರ ಕಟ್ಟಿರುತ್ತಿತ್ತು. ಹಿಮ ಬೀಳುವುದನ್ನು ನಾನು ನೋಡಲಿಲ್ಲ. ಅದು ಇನ್ನೂ ವಾಯವ್ಯಕ್ಕಿರುವ ಬೆಟ್ಟಗಳಲ್ಲಿ ಬೀಳುತ್ತದೆಂದು ಲಾರಿ ಚಾಲಕರು ಹೇಳುತ್ತಿದ್ದರು. ಮನೆ ಒಡೆಯಲು ಹಿಮವೇ ಬೀಳಬೇಕೆಂದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿತ್ತು. ನಮ್ಮ ಪಠ್ಯಪುಸ್ತಕದಲ್ಲಿ ಶೀತ ದೇಶಗಳ ಅಡಿಪಾಯದ ಬಗ್ಗೆ ಒಂದು ಅಧ್ಯಾಯವಿತ್ತು. ‘ಇದು ಪರೀಕ್ಷೆಗೆ ಬರುವುದಿಲ್ಲ, ಬಿಟ್ಟುಬಿಡಿ’ ಎಂದರು ಮೇಷ್ಟ್ರು. ಸೆಕೆಗೆ ಅಂಗಿ ಅಂಟಿಕೊಂಡು ಕೂತಿದ್ದ ನಾವೆಲ್ಲ ಸಂತೋಷದಿಂದ ಪುಟ ಮಗುಚಿದೆವು.

ಕಫೀಲನ ತಾಯಿ ಹಳೆಯ ಊರಿನ ಒಂದು ಮಣ್ಣಿನ ಮನೆಯಲ್ಲಿ ಒಬ್ಬರೇ ಇದ್ದರು. ನೆಲದಿಂದ ಗೇಣೆತ್ತರ ಕಾಣುವ ಕಲ್ಲಿನ ಅಡಿಪಾಯ, ಅಂದರೆ ಪಂಚಾಂಗ, ಅದರ ಮೇಲೆ ಮೊಳಕ್ಕಿಂತ ದಪ್ಪದ ಹಸಿ ಇಟ್ಟಿಗೆಯ ಗೋಡೆ, ಮೇಲೆ ಮರದ ತೊಲೆಗಳ ಮಣ್ಣಿನ ಮಾಡು. ಗಂಡನೂ ಮೈದುನರೂ ಸೇರಿ ಕಟ್ಟಿದ ಮನೆ ಅದು. ಆ ಚಳಿಗಾಲಕ್ಕೆ ಮುಂಚೆ ಅದರ ಒಂದು ಮೂಲೆ ಕೆಡತೊಡಗಿತು. ಕಿಟಕಿಯ ಕೆಳಗಿನಿಂದ ಓರೆಯಾಗಿ ಬಿರುಕು, ಬುಡದಲ್ಲಿ ದಿನಾ ಬೆಳಿಗ್ಗೆ ಹಿಟ್ಟಿನಂತೆ ಉದುರಿದ ಮಣ್ಣು. ಕಫೀಲ ನಮ್ಮಿಬ್ಬರನ್ನು ಕರೆದು ನೇರವಾಗಿ ಹೇಳಿದ: ಈ ಚಳಿಗಾಲ ಗೋಡೆ ನಿಂತರೆ ಅಮ್ಮ ಅಲ್ಲೇ ಇರಲಿ, ನಿಲ್ಲದಿದ್ದರೆ ನನ್ನ ವಿಲ್ಲಾಕ್ಕೆ ಬರುತ್ತಾಳೆ, ಮನೆ ಕೆಡವಿಸುತ್ತೇನೆ. ತಾಯಿಯೂ ಈ ಮಾತಿಗೆ ಒಪ್ಪಿದ್ದರು. ಹಾಗೆ ಅವರ ಮನೆ ನಮ್ಮ ಕೈಗೆ ಬಂತು.

ಮೇಸ್ತ್ರಿ ಮೊದಲ ದಿನವೇ ಮೊಣಕಾಲೂರಿ ಕೂತು ಗೋಡೆಯನ್ನು ಅಂಗೈಯಿಂದ ಉಜ್ಜಿದರು. ಮಣ್ಣನ್ನು ಬೆರಳ ನಡುವೆ ತಿಕ್ಕಿ ಮೂಸಿದರು.

“ಎಂಜಿನಿಯರ್ರೆ, ಇದು ಮೇಲಿಂದ ಬಂದ ನೀರಲ್ಲ. ಅಡಿಯಿಂದ ಏರ್ತಾ ಉಂಟು.”

“ಮೊನ್ನೆ ಮಳೆ ಬಂದಿತ್ತಲ್ಲ ಮೇಸ್ತ್ರಿ?”

“ಎಂತ ಮಳೆ ಮಾರಾಯ್ರೆ! ಅಷ್ಟು ಮಳೆಗೆ ನಮ್ಮಲ್ಲಿ ಕೊಡೆ ಸಹ ಬಿಡಿಸುದಿಲ್ಲ.”

ಅವರು ಎದ್ದು ಮೂಲೆಯ ಆಚೆ ಬದಿಗೆ ಕೈ ತೋರಿಸಿದರು. ಅಲ್ಲಿ ಒಂದು ಹೊಸ ಬಚ್ಚಲಿತ್ತು. ಹಿಂದಿನ ವರ್ಷ ಊರಿಗೆ ನಲ್ಲಿ ನೀರು ಬಂದಾಗ, ತಾಯಿ ಬೆಳಗಿನ ನಮಾಜಿಗೆ ತಣ್ಣೀರಿನಲ್ಲಿ ಕೈಕಾಲು ತೊಳೆಯಬಾರದೆಂದು ಕಫೀಲನೇ ನಿಂತು ಕಟ್ಟಿಸಿದ್ದು. ಬಿಸಿನೀರಿನ ಗೀಸರ್ ಕೂಡ ಇತ್ತು. ಅದರ ನೀರೆಲ್ಲ ಗೋಡೆಗೆ ತಾಗಿದ ಒಂದು ಗುಂಡಿಗೆ ಇಳಿಯುತ್ತಿತ್ತು. ಬಾವಿಯ ನೀರನ್ನು ಅಳೆದು ಬಳಸುತ್ತಿದ್ದ ಮನೆ ಅದು. ಅಷ್ಟು ನೀರನ್ನು ಅದು ಎಂದೂ ಕಂಡಿರಲಿಲ್ಲ.

“ಬಚ್ಚಲು ನಿಲ್ಸಿ. ಗುಂಡಿ ದೂರ ಮಾಡುವ. ಬುಡ ಬಿಚ್ಚಿ ಇಡುವ, ಒಣಗ್ಲಿ. ಮತ್ತೆ ಒಂದು ಮಾರು ಕಲ್ಲು ತೆಗ್ದು ಕೂಡ್ಸುದು, ಎರಡು ಮಾರು ಮುಟ್ಟದೆ ಬಿಡುದು, ಪುನಃ ಒಂದು ಮಾರು. ಒಟ್ಟಿಗೆ ತೆಗೆದ್ರೆ ಗೋಡೆ ಕೂತ್ಕೊಳ್ತದೆ.”

“ಎಷ್ಟು ದಿನ ಬೇಕು?”

“ಎರಡು ತಿಂಗಳು. ಒಣಗುದನ್ನು ಓಡಿಸ್ಲಿಕ್ಕಾಗ್ತದಾ?”

ಇಷ್ಟನ್ನೂ ಅವರು ಅದೇ ದಿನ ಹೇಳಿದರೇ? ಇಲ್ಲಿ ನಾನು ನಿಲ್ಲಬೇಕು. ಕೆಲವು ಮಾತು ಆಮೇಲೆ, ಕೆಲಸ ಕೆಟ್ಟ ಮೇಲೆ ಬಂದದ್ದಿರಬಹುದು. ನನ್ನ ತಪ್ಪನ್ನು ದೊಡ್ಡದು ಮಾಡಿಕೊಳ್ಳುವುದರಲ್ಲಿಯೂ ಒಂದು ಸುಖವಿದೆ, ಅದು ಮಾತುಗಳನ್ನು ಹಿಂದಕ್ಕೆ ಸರಿಸಿಡುತ್ತದೆ. ಆದರೆ ಕೊಡೆಯ ಮಾತು ಅದೇ ದಿನದ್ದು. ನಾನು ನಕ್ಕದ್ದು ನೆನಪಿದೆ. ಬಚ್ಚಲು ನಿಲ್ಲಿಸಿ ಎಂದದ್ದೂ ಅದೇ ದಿನವೇ, ಯಾಕೆಂದರೆ ಅದನ್ನು ಕಫೀಲನಿಗೆ ಹೇಳುವುದು ಹೇಗೆಂದು ಆ ಸಂಜೆಯೆಲ್ಲ ಯೋಚಿಸಿದ್ದೇನೆ. ತಾಯಿಗೆಂದು ಅವನು ಪ್ರೀತಿಯಿಂದ ಮಾಡಿಸಿದ್ದನ್ನೇ ಮನೆಯ ರೋಗವೆಂದು ಹೇಳಬೇಕಿತ್ತು. ನಾನು ಹೇಳಲಿಲ್ಲ.

ಹೇಳದಿರಲು ನನಗೆ ವಿದ್ಯೆಯೂ ಸಹಾಯ ಮಾಡಿತು. ನಮ್ಮ ಕರಾವಳಿಯಲ್ಲಿ ನೀರೆಂದರೆ ಹೊರಗಿನಿಂದ ಗೋಡೆಗೆ ಬಡಿಯುವಂಥದ್ದು. ಮಳೆಗಾಲಕ್ಕೆ ಮುಂಚೆ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತೇವೆ, ಕೈಯಲ್ಲಿ ಸ್ವಲ್ಪ ಕಾಸಿದ್ದವರು ಬುಡಕ್ಕೆ ಸಿಮೆಂಟು ಎಳೆಸುತ್ತಾರೆ. ಒದ್ದೆ ಗೋಡೆ ಕಂಡರೆ ಮುಚ್ಚು ಎಂದೇ ನನ್ನ ಕೈಗೆ ಗೊತ್ತಿದ್ದದ್ದು. ತಂತಿ ಬಲೆ ಬಡಿದು ಸೊಂಟದೆತ್ತರಕ್ಕೆ ಸಿಮೆಂಟು, ಬುಡದ ಸುತ್ತ ಎರಡಡಿ ಅಗಲದ ಕಾಂಕ್ರೀಟು. ಹತ್ತು ದಿನದ ಕೆಲಸ. ನಕ್ಷೆ ಬರೆದು ಕೊಟ್ಟೆ.

ಮೇಸ್ತ್ರಿ ನಕ್ಷೆ ನೋಡಿ ಹೇಳಿದರು: “ಇದು ಒದ್ದೆ ಅಂಗಿಯ ಮೇಲೆ ರೈನ್‌ಕೋಟು ಹಾಕಿದ ಹಾಗೆ.”

“ಹಾಗಾದರೆ ಮಾಡುವುದು ಬೇಡವಾ?”

“ನೀವು ಓದಿದವರು. ಹೇಳಿದ್ದನ್ನು ಮಾಡುವ.”

ಇದನ್ನೇ ನಾನು ‘ಒಪ್ಪಿದರು’ ಎಂದು ಬರೆದುಕೊಂಡೆ.

ಕೆಲಸ ಮುಗಿದ ದಿನ ತಾಯಿ ಬಾಗಿಲ ಮರೆಯಿಂದ ಕಾವಾ ನೀಡಿದರು, ಏಲಕ್ಕಿಯ ಕಹಿ ಕಾಫಿ, ಜೊತೆಗೆ ಖರ್ಜೂರ. ಮುಖ ಮುಚ್ಚಿದ್ದರು. ದನಿ ಮಾತ್ರ ಗಟ್ಟಿಯಾಗಿತ್ತು. “ಯಾ ವಲದೀ, ಮಗನೇ, ನಿಲ್ಲುತ್ತದೆಯೇ?” ಎಂದರು. ಅಷ್ಟು ಅರಬಿ ನನಗೆ ಬರುತ್ತಿತ್ತು. “ಇನ್ಶಾ ಅಲ್ಲಾ” ಎಂದೆ.

ಹೊರಗೆ ಬಂದ ಮೇಲೆ ಮೇಸ್ತ್ರಿ ಕರಣೆ ತೊಳೆಯುತ್ತ ಕೇಳಿದರು: “ಇನ್ಶಾ ಅಲ್ಲಾ ಹೇಳ್ಲಿಕ್ಕೆ ಮೊದ್ಲು ನಮ್ಮ ಪಾಲಿನ ಕೆಲ್ಸ ಸರಿ ಮಾಡ್ಬೇಕು ಅಂತ ಉಂಟು. ನೀವು ಎರಡನ್ನೂ ಅವನಿಗೇ ಬಿಟ್ರಾ?” ನಗುತ್ತಲೇ ಹೇಳಿದರು. ನಾನೂ ನಕ್ಕೆ.

ಜನವರಿಯಲ್ಲಿ ಒಂದು ವಾರ ವಿಪರೀತ ಚಳಿ ಬಿತ್ತು. ಒಂದು ಬೆಳಿಗ್ಗೆ ಹೋದಾಗ ಸಿಮೆಂಟು ಹೊಟ್ಟೆಯುಬ್ಬಿಸಿಕೊಂಡು ನಿಂತಿತ್ತು. ಮೇಸ್ತ್ರಿ ಕರಣೆಯ ಹಿಡಿಯಿಂದ ಬಡಿದರು. ಟೊಳ್ಳು ಸದ್ದು. ಅಂಚಿಗೆ ಉಳಿ ಕೊಟ್ಟು ಸ್ವಲ್ಪ ಎಬ್ಬಿಸಿದ್ದೇ ತಡ, ಬಾಗಿಲಷ್ಟು ದೊಡ್ಡ ಹಲಗೆ ತಂತಿ ಬಲೆಯ ಸಮೇತ ಕಳಚಿಬಂತು. ಹಿಂದೆ ಗೋಡೆಯ ಅರ್ಧ ದಪ್ಪವೂ ಅದಕ್ಕೇ ಅಂಟಿಕೊಂಡು ಬಂತು. ಉಳಿದ ಮಣ್ಣಿನಲ್ಲಿ ಸಣ್ಣ ಸಣ್ಣ ಬಿಳಿ ಸೂಜಿಗಳು ಮಿನುಗುತ್ತಿದ್ದವು. ಮುಟ್ಟಿದೆ. ಮಂಜುಗಡ್ಡೆ. ಹೊರಗೆ ಹೋಗಲು ದಾರಿಯಿಲ್ಲದ ನೀರು ಗೋಡೆಯೊಳಗೇ ಮೇಲಕ್ಕೇರಿ, ಅಲ್ಲೇ ಹೆಪ್ಪುಗಟ್ಟಿ, ಉಬ್ಬಿ, ಇಟ್ಟಿಗೆಯನ್ನು ಬಿಡಿಸಿತ್ತು. ಮೊದಲು ದಿನಕ್ಕೊಂದು ಹಿಡಿ ಮಣ್ಣು ಉದುರುತ್ತಿದ್ದದ್ದು ಗೋಡೆ ತನ್ನನ್ನು ತಾನು ಒಣಗಿಸಿಕೊಳ್ಳುತ್ತಿದ್ದ ರೀತಿ. ಅದನ್ನು ನಾನು ಮುಚ್ಚಿದ್ದೆ.

ತಾಯಿಯನ್ನು ಕೂಡಲೇ ಮಗನ ಮನೆಗೆ ಕರೆದೊಯ್ದರು. ಮಧ್ಯಾಹ್ನ ಬಿಸಿಲಿಗೆ ಮಂಜು ಕರಗಿದ ಮೇಲೆ ಮೂಲೆ ಕುಸಿಯಿತು. ಎರಡು ತೊಲೆಗಳು ಬಚ್ಚಲ ಮೇಲೆ ಬಿದ್ದವು. ಯಾರಿಗೂ ಏನೂ ಆಗಲಿಲ್ಲ.

“ಈಗ ಕಟ್ಟಬಹುದಾ?” ಎಂದು ಮೇಸ್ತ್ರಿಯನ್ನು ಕೇಳಿದೆ.

“ಈ ಚಳಿಗೆ ಹಸಿ ಮಣ್ಣು ಇಟ್ರೆ ಅದೂ ಹೀಗೇ ಆಗುದು. ಮಾರ್ಚ್ ಆಗ್ಬೇಕು. ಕಾಯ್ತಾರಾ ಕೇಳಿ.”

ಕೇಳಿದೆನೇ? ಕೇಳಿದೆನೆಂದು ಬಹಳ ಕಾಲ ನಂಬಿದ್ದೆ. ದಿನಚರಿಯಲ್ಲಿ ಅದಿಲ್ಲ. ಕಫೀಲನ ಮುಖವನ್ನಾಗಲಿ ಉತ್ತರವನ್ನಾಗಲಿ ನೆನಪಿಗೆ ತಂದುಕೊಳ್ಳಲು ನೋಡಿದರೆ ಏನೂ ಸಿಗುವುದಿಲ್ಲ. ಹಾಗಾಗಿ ಕೇಳಲಿಲ್ಲವೆಂದೇ ಇಟ್ಟುಕೊಳ್ಳುತ್ತೇನೆ. ನೆನಪಿರುವುದು ಇಷ್ಟು: ಮನೆ ಕೆಡವಲು ನಗರಸಭೆಗೆ ಎಂಜಿನಿಯರನ ಒಂದು ಪತ್ರ ಬೇಕಿತ್ತು. ಕಫೀಲ “ಯಲ್ಲಾ, ಬೇಗ ಕಾರಣ ಬರೆದುಕೊಡು” ಎಂದ. ಏನು ಬರೆಯಬೇಕೆಂದು ಹೇಳಲಿಲ್ಲ. ನಾನು ಇಂಗ್ಲಿಷಿನಲ್ಲಿ ಬರೆದೆ, ಕಚೇರಿಯ ಗುಮಾಸ್ತ ಅರಬಿಗೆ ತಿರುಗಿಸಿದ. ಕಟ್ಟಡದ ವಯಸ್ಸಿನಿಂದಾಗಿ ಅಡಿಪಾಯ ಶಿಥಿಲವಾಗಿದೆ, ದುರಸ್ತಿ ಸಾಧ್ಯವಿಲ್ಲ. ಬಚ್ಚಲಿನ ಸುದ್ದಿಯಿಲ್ಲ, ಸಿಮೆಂಟಿನ ಸುದ್ದಿಯಿಲ್ಲ.

ಮೇಸ್ತ್ರಿಗೆ ಹೇಳಿದೆ. ಅವರು ರೊಟ್ಟಿ ಮುರಿಯುತ್ತಿದ್ದವರು ತಲೆಯೆತ್ತಿದರು.

“ಪ್ರಾಯವಾ? ಹಾಗಾದ್ರೆ ನನ್ನನ್ನೂ ಕೆಡವ್ಬೇಕಲ್ಲ ಮಾರಾಯ್ರೆ.”

“ಬೇರೆ ಎಂತ ಬರೆಯುವುದು ಮೇಸ್ತ್ರಿ?”

ಅವರು ಮತ್ತೆ ರೊಟ್ಟಿ ಮುರಿಯತೊಡಗಿದರು. ‘ನಾನು ಮೊದಲೇ ಹೇಳಿದ್ದೆ’ ಎಂದು ಅವರು ಒಮ್ಮೆಯಾದರೂ ಅಂದಿದ್ದರೆ ನಾನು ಜಗಳವಾಡಬಹುದಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ಬುಲ್ಡೋಜರ್ ಬಂತು. ಗೋಡೆಗಳು ಬೀಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಂಚಾಂಗ ಮಾತ್ರ ಅಷ್ಟು ಸುಲಭಕ್ಕೆ ಏಳಲಿಲ್ಲ. ಚಾಲಕ ಎರಡು ಸಲ ಹಿಂದೆ ಹೋಗಿ ಮುಂದೆ ಬಂದ. ಧೂಳು ಇಳಿದ ಮೇಲೆ ಮೇಸ್ತ್ರಿ ಕೈ ಎತ್ತಿ ಅವನನ್ನು ನಿಲ್ಲಿಸಿ, ಪಂಚಾಂಗದ ಪಕ್ಕ ಬುಲ್ಡೋಜರ್ ತೋಡಿದ ಗುಂಡಿಗೆ ಇಳಿದರು. ನಾನೂ ಇಳಿದೆ. ಬಚ್ಚಲಿನ ಮೂಲೆಯೊಂದನ್ನು ಬಿಟ್ಟರೆ ಮೂರು ಬದಿಯೂ ಹಾಗೇ ಇತ್ತು. ಬೆಟ್ಟದಿಂದ ತಂದ ಕೆಂಪು ಕಲ್ಲುಗಳನ್ನು ಒಂದಕ್ಕೊಂದು ಕಚ್ಚಿಸಿ, ಸಂದಿಗೆಲ್ಲ ಚೂರುಕಲ್ಲು ಬಡಿದು ಕೂರಿಸಿದ್ದರು. ಮೇಸ್ತ್ರಿ ಅಡಿಯ ಮಣ್ಣನ್ನು ಒಂದು ಮುಷ್ಟಿ ತೆಗೆದು ನನ್ನ ಅಂಗೈಗೆ ಸುರಿದರು. ಒಣ ಮಣ್ಣು, ಸ್ವಲ್ಪವೂ ಪಸೆಯಿಲ್ಲ.

“ಈ ಕೆಲ್ಸ ನಾನು ಕೂಡ ಇಷ್ಟು ಚಂದ ಮಾಡ್ಲಿಕ್ಕಿಲ್ಲ” ಎಂದರು.

ರಸ್ತೆಯಲ್ಲಿ ಕಫೀಲನ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ತಾಯಿ. ಇಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಫೀಲ ನನ್ನನ್ನು ಕರೆದ. ನಾವು ಗುಂಡಿಗೆ ಇಳಿದದ್ದನ್ನು ತಾಯಿ ನೋಡಿದ್ದರು. ಕಿಟಕಿಯ ಗಾಜು ಅರ್ಧ ಇಳಿದಿತ್ತು.

“ಅಡಿಪಾಯ ಹೇಗಿತ್ತು ಎಂದು ಅಮ್ಮ ಕೇಳುತ್ತಾಳೆ.”

ನನ್ನ ಪತ್ರವನ್ನು ಅವರಿಗೆ ಯಾರಾದರೂ ಓದಿ ಹೇಳಿದ್ದರೋ ಇಲ್ಲವೋ ನನಗೆ ತಿಳಿಯದು. ಕಫೀಲ ಅದನ್ನು ಓದಿದ್ದ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಇನ್ನು ಯಾವ ಉತ್ತರದಿಂದಲೂ ಆ ಮನೆಗೆ ಆಗಬೇಕಾದದ್ದೇನೂ ಇರಲಿಲ್ಲ.

“ಚೆನ್ನಾಗಿತ್ತು” ಎಂದೆ. “ಮೂರು ಕಡೆಯೂ ಗಟ್ಟಿಯಾಗಿತ್ತು. ಕೆಟ್ಟದ್ದು ಒಂದೇ ಮೂಲೆ. ಅದು ನನ್ನ ತಪ್ಪು.”

ಕೊನೆಯ ಮಾತಿಗೆ ನನ್ನ ಅರಬಿ ಸಾಕಾಯಿತೇ, ಅವರಿಗೆ ಅರ್ಥವಾಯಿತೇ, ಹೇಳಲಾರೆ. ಮೊದಲ ಮಾತು ಅರ್ಥವಾಗಿತ್ತು. ಊರಲ್ಲಿ ಯಾರೋ ನರಳದೆ ಸತ್ತರೆಂದು ಕೇಳಿದವರ ಹಾಗೆ ತಾಯಿ ಉಸಿರು ಬಿಟ್ಟು, “ಅಲ್‌ಹಮ್ದುಲಿಲ್ಲಾ” ಎಂದರು. ಕಫೀಲ ಇನ್ನಷ್ಟು ಹೊತ್ತು ನನ್ನನ್ನು ನೋಡಿದ. ಆಮೇಲೆ ಹೋಗಿ ಕಾರು ಹತ್ತಿದ.