ಅವ್ವನ ಮುಷ್ಟಿಯ ಬೆಳ್ಳಿ

ಮೊನ್ನೆ ಅವ್ವನ ಟ್ರಂಕು ತೆಗೆದಾಗ ಹಳೆಯ ಸ್ಕ್ಯಾನ್ ಫಿಲ್ಮಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ಎಕ್ಸ್‌ರೇ ಕಾಕಾ ನೆನಪಾದರು...

ಅಫಜಲಪುರದಲ್ಲಿ ಅವರು ನಮ್ಮ ಓಣಿಯವರೇ, ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದರು. ಎಕ್ಸ್‌ರೇ ಫಿಲ್ಮು ತೊಳೆದ ನೀರಿನಿಂದ ಬೆಳ್ಳಿ ತೆಗೆದು ಮಾರಿಕೊಳ್ಳುತ್ತಾರೆಂದು ಊರೆಲ್ಲ ಗುಸುಗುಸು. ಕಣ್ಣಾರೆ ಕಂಡವರು ಯಾರೂ ಇಲ್ಲ. ನಾನಂತೂ ಪೂರ್ತಿ ನಂಬಿದ್ದೆ.

ತೊಂಬತ್ತರ ದಶಕದಲ್ಲಿ ಅವ್ವನಿಗೆ ಹೊಟ್ಟೆನೋವು ಜೋರಾಗಿ ಗುಲ್ಬರ್ಗದ ದೊಡ್ಡ ದವಾಖಾನೆಗೆ ಕರೆದೊಯ್ದರೆ, ಅಲ್ಲಿ ಸಿ.ಟಿ. ಸ್ಕ್ಯಾನ್ ಮಷೀನಿನ ಮುಂದೆ ಅದೇ ಕಾಕಾ!

"ಯವ್ವಾ, ಮೈಮ್ಯಾಲಿನ ಬೆಳ್ಳಿ ಬಂಗಾರ ಎಲ್ಲಾ ತೆಗೀರಿ" ಎಂದರು. ಅವ್ವ ನನ್ನ ಮುಖ ನೋಡಿದಳು. ಹುಷಾರು ಎಂದು ನಾನು ಕಣ್ಣಲ್ಲೇ ಹೇಳಿದೆ.

ಫಿಲ್ಮು ನೋಡಿದ ಡಾಕ್ಟರು ಲಿವರಿನಲ್ಲಿ ಕಪ್ಪು ಕಲೆಯಿದೆ, ಗಡ್ಡೆಯಿರಬೇಕು, ಹೊಟ್ಟೆ ಕೊಯ್ದೇ ನೋಡಬೇಕು ಎಂದರು. ಕಾಕಾ ಮಾತ್ರ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತರು.

"ತಮ್ಮಾ, ಈ ಕರಿ ಕಲಿ ಮ್ಯಾಲ ನನಗ ನಂಬಿಕಿ ಇಲ್ಲ. ಕಿರಣ ಎಲ್ಲಾ ನೆಟ್ಟಗ ಬರಂಗಿಲ್ಲ, ಅಡ್ಡ ಏನರ ಸಿಕ್ರ ಚದುರ್ತಾವ. ಮಷೀನಿಗಿ ಅದು ತಿಳಿಯಂಗಿಲ್ಲ. ಎಲ್ಲಾ ನೆಟ್ಟಗ ಬಂದಾವಂತ ತಿಳದು ಚಿತ್ರ ಕಟ್ತದ. ಚದುರಿದ್ದು ನಾವ ಕಳದು ನೋಡ್ಬೇಕು. ಇನ್ನೊಮ್ಮಿ ತೆಗಿಯೋಣು."

ಡಾಕ್ಟರಿಗಿಂತ ಇವನೇನು ಶಾಣ್ಯಾನೇ ಎಂದು ನನಗೆ ಸಿಟ್ಟು. ಇದರಲ್ಲೇನೋ ಮಸಲತ್ತಿದೆ ಎಂದುಕೊಂಡೆ.

ಅಷ್ಟರಲ್ಲಿ ಕಾಕಾ ಅವ್ವನತ್ತ ತಿರುಗಿದರು. "ಯವ್ವಾ, ಮುಷ್ಟ್ಯಾಗ ಏನದ?"

ಅವ್ವ ಮೆಲ್ಲಗೆ ಬೆರಳು ಬಿಡಿಸಿದಳು. ಇಷ್ಟಲಿಂಗವಿಟ್ಟ ಬೆಳ್ಳಿ ಕರಡಿಗೆ! ಕೊರಳಿಂದ ತೆಗೆದವಳು ಅಂಗೈಯಲ್ಲಿ ಬಿಗಿಹಿಡಿದು, ಕೈಯನ್ನು ಹೊಟ್ಟೆಯ ಪಕ್ಕ ಇಟ್ಟುಕೊಂಡು ಮಲಗಿದ್ದಳು. ಕೈ ಇದ್ದ ಜಾಗ ಚಿತ್ರದಲ್ಲಿ ಬಂದಿರಲಿಲ್ಲ. ಆದರೂ ಕಿರಣಕ್ಕೆ ಬೆಳ್ಳಿ ಅಡ್ಡ ಬಂದಿತ್ತು.

"ಲಿಂಗ ಮೈ ಬಿಟ್ಟು ಹ್ಯಾಂಗ ಇಡ್ಲಿ?" ಎಂದಳು.

"ಲಿಂಗ ಬಿಡಬ್ಯಾಡ್ರಿ. ಅರಿವಿ ಒಳಗ ಸುತ್ತಿ ಕೊರಳಾಗ ಕಟ್ಟಿಕೋರಿ. ಬೆಳ್ಳಿ ಅಷ್ಟೇ ತೆಗೀರಿ."

ಅವ್ವ ಕರಡಿಗೆಯನ್ನು ಅವರತ್ತ ಚಾಚಿದಳು. ಕಾಕಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ನನ್ನ ಕೈಯಾಗ ಬ್ಯಾಡ್ರಿ... ಮಗನ ಕೈಯಾಗ ಕೊಡ್ರಿ."

ನಾನು ತಲೆ ತಗ್ಗಿಸಿ ಕರಡಿಗೆ ಇಸಿದುಕೊಂಡೆ. ಎರಡನೆಯ ಫಿಲ್ಮಿನಲ್ಲಿ ಕಲೆ ಇರಲಿಲ್ಲ. ಹೊಟ್ಟೆನೋವು ಗುಳಿಗೆಗೇ ಇಳಿಯಿತು. ಅವ್ವ ಮುಂದೆ ಬಹಳ ವರ್ಷ ಬದುಕಿದಳು.

ನಿನ್ನೆ ಚೌಡಾಪುರದಲ್ಲಿ ಕಾಕಾ ಆಮೇಲೆ ನೆಲೆಸಿದ್ದ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ಮೂರು ವರ್ಷವಾಯಿತಂತೆ. ಬಾಗಿಲು ತೆರೆದ ಮಗಳು, "ಏನ್ ಕೆಲಸಿತ್ರಿ ಅಪ್ಪನ ಹತ್ರ?" ಎಂದು ಕೇಳಿದಳು. ತಪ್ಪಾಯಿತೆಂದು ಹೇಳಲು ಬಂದಿದ್ದೆ. ಕುಡಿಯಲು ನೀರು ಕೇಳಿದೆ.