ಬೆಳ್ಳಾರೆ ದಾರಿಯಲ್ಲಿ ಮುರಿದ ಚಕ್ರ

ಮದುವೆಯಾಗಿ ನಾನು ಬೆಳ್ಳಾರೆಗೆ ಬಂದಾಗ ನಮ್ಮವರು ದನದ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದರು. ನಿಜವಾದ ಡಾಕ್ಟರು ಪುತ್ತೂರಿನಲ್ಲಿ ಇದ್ದುದರಿಂದ ಊರವರು ಇವರನ್ನೇ ಡಾಕ್ಟ್ರು ಎನ್ನುತ್ತಿದ್ದರು. ಕಡಬದ ಕಡೆಯಿಂದಲೋ ಸುಬ್ರಹ್ಮಣ್ಯದ ಕಡೆಯಿಂದಲೋ ಆಳು ಬಂದು, "ದನ ಕರು ಹಾಕ್ಲಿಕ್ಕೆ ಆಗದೆ ಒದ್ದಾಡ್ತಾ ಉಂಟು" ಎಂದರೆ ಉಣ್ಣುತ್ತಿದ್ದ ಬಟ್ಟಲನ್ನು ಹಾಗೆಯೇ ಬಿಟ್ಟು ಎದ್ದುಬಿಡುವರು. ಅದಕ್ಕೆಂದೇ ಮಂಗಳೂರಿನ ಹರಾಜಿನಲ್ಲಿ ಮಿಲಿಟರಿಯವರ ಹಳೆಯ ಮೋಟಾರ್ ಸೈಕಲೊಂದನ್ನು ಕೊಂಡಿದ್ದರು. ಮೇಲೆ ಕಪ್ಪು ಬಣ್ಣ ಬಳಿದಿದ್ದರೂ ಅಲ್ಲಲ್ಲಿ ಒಳಗಿನ ಹಸಿರು ಕಾಣುತ್ತಿತ್ತು. ಭಾನುವಾರ ಬಂತೆಂದರೆ ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಮತ್ತೆ ಜೋಡಿಸುವುದೇ ಇವರಿಗೆ ಸಂತೋಷ.

ಆಗ ನನಗೆ ಐದು ತಿಂಗಳು. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ, ಅಕ್ಕ ಇರಬೇಕು ಎಂದು ಬೆಟ್ಟಂಪಾಡಿಯಿಂದ ಅಪ್ಪ ಹೇಳಿ ಕಳಿಸಿದ್ದರು. ಬೆಳಿಗ್ಗೆ ಸೀರೆ ಉಟ್ಟು ಬಸ್ಸಿಗೆ ಕಾದೆವು. ಬಸ್ಸು ಸುಳ್ಯದಲ್ಲೇ ಕೆಟ್ಟು ನಿಂತಿದೆ ಎಂದು ಯಾರೋ ಹೇಳಿದರು.

"ಗಾಡಿಯಲ್ಲೇ ಹೋಗುವನಾ? ನಿಧಾನ ಬಿಡ್ತೇನೆ," ಎಂದರು ಇವರು.

"ಹೋಗುವ" ಎಂದೆ. ನನಗೂ ಆಸೆಯಿತ್ತು. ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತು, ಒಂದು ಕೈಯಲ್ಲಿ ಇವರ ಭುಜ, ಇನ್ನೊಂದರಲ್ಲಿ ಸೆರಗು ಹಿಡಿದುಕೊಂಡು ಹೋಗುವುದೆಂದರೆ ಆಗ ನಮ್ಮ ಕಡೆಯ ಹೆಂಗಸರಿಗೆ ಸಣ್ಣ ಸಂಗತಿ ಏನಲ್ಲ.

ನಿಧಾನವಾಗಿಯೇ ಬಿಟ್ಟರು. ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅರ್ಧ ದಾರಿಯಲ್ಲಿ ಒಂದು ತಿರುವು, ತಿರುವು ಕಳೆದ ಕೂಡಲೇ ಇಳಿಜಾರು. ಕೆಳಗಿನಿಂದ ಹತ್ತಿ ಬರುವ ಮರದ ಲಾರಿಯವರು ಆ ಏರಿನಲ್ಲಿ ನಿಲ್ಲಿಸಬೇಕಾಗಿ ಬಂದರೆ ಹಿಂದೆ ಜಾರದ ಹಾಗೆ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಹೊರಡುವಾಗ ಕಲ್ಲನ್ನು ಬದಿಗೆ ಸರಿಸುವ ಅಭ್ಯಾಸ ಎಲ್ಲರಿಗೂ ಇರಲಿಲ್ಲ. ಅಂಥದ್ದೊಂದು ಕರಿಗಲ್ಲು ದಾರಿಯ ನಡುವೆ ಇತ್ತು. ಇವರು "ಹಿಡ್ಕೋ" ಎಂದದ್ದು ಕೇಳಿಸಿತು. ಮುಂದಿನ ಚಕ್ರ ಕಲ್ಲಿಗೆ ಹೊಡೆಯಿತು. ಗಾಡಿ ಒಂದು ಬದಿಗೆ, ಇವರು ಒಂದು ಬದಿಗೆ, ನಾನು ದಾರಿಬದಿಯ ದರೆಯ ಬುಡದ ಮಣ್ಣಿನ ಮೇಲೆ.

ನಾನು ಎದ್ದು ಕೂತೆ. ಎಲ್ಲೂ ನೋವಿರಲಿಲ್ಲ. ಇವರ ಮೊಣಕೈ ಸುಲಿದು ರಕ್ತ ಇಳಿಯುತ್ತಿತ್ತು.

"ಎಂತಾದರೂ ಆಯ್ತಾ ನಿಂಗೆ?"

"ಎಂತ ಇಲ್ಲ. ನಿಮ್ಮ ಕೈ ನೋಡಿ ಮೊದಲು."

ಇವರು ಕೈ ನೋಡಲಿಲ್ಲ, ನನ್ನನ್ನೇ ಮೇಲಿಂದ ಕೆಳಗೆ ನೋಡಿದರು. ನಾನು ಸೀರೆಯ ಮಣ್ಣು ಕೊಡವುತ್ತ ನಕ್ಕೆ. ಆಮೇಲೆ ಇಬ್ಬರೂ ಚಕ್ರವನ್ನು ನೋಡಿದೆವು. ರಿಮ್ಮು ಒಂದು ಕಡೆ ಒಳಕ್ಕೆ ಬಾಗಿ, ನಾಲ್ಕಾರು ಕಡ್ಡಿಗಳು ತುಂಡಾಗಿ ಹೊರಚಾಚಿದ್ದವು. ಟಯರಿನಿಂದ ಗಾಳಿ ಹೋಗುತ್ತಿರುವ ಸದ್ದು ಇನ್ನೂ ಬರುತ್ತಿತ್ತು.

ದಾರಿಯ ಬದಿಯಲ್ಲೇ ಒಂದು ಬ್ಯಾರಿ ಮುಸಲ್ಮಾನರ ಮನೆ. ಯಜಮಾನರು ಒಣಮೀನಿನ ವ್ಯಾಪಾರಕ್ಕೆ ಘಟ್ಟಕ್ಕೆ ಹೋಗಿದ್ದರು. ಸದ್ದು ಕೇಳಿ ಮನೆಯಾಕೆ ತಲೆಯ ಮೇಲೆ ವಸ್ತ್ರ ಎಳೆದುಕೊಳ್ಳುತ್ತ ಓಡಿ ಬಂದರು. ಆ ಮನೆಯ ಮಕ್ಕಳು ಅಮ್ಮನನ್ನು ಕರೆಯುತ್ತಿದ್ದ ಹಾಗೆ ನನಗೂ ಅವರು ಅಂದಿನಿಂದ ಉಮ್ಮನೇ ಆದರು. ದನದ ಡಾಕ್ಟ್ರೆಂದು ಇವರ ಗುರುತು ಅವರಿಗಿತ್ತು. ನನ್ನನ್ನು ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟರು. ಇವರು ಅಂಗಳದಲ್ಲಿ ಗಾಡಿಯನ್ನು ಕಟ್ಟಿಗೆ ರಾಶಿಗೆ ಒರಗಿಸಿ, ಕಲ್ಲಿನಿಂದ ರಿಮ್ಮಿಗೆ ಬಡಿದು ಬೆಂಡು ತೆಗೆಯಲು ಕೂತರು. ಹೊತ್ತಿಗೆ ಮುಂಚೆ ಬೆಟ್ಟಂಪಾಡಿ ಮುಟ್ಟಬೇಕಲ್ಲ, ಗಂಡಿನ ಕಡೆಯವರು ಬರುತ್ತಾರಲ್ಲ ಎಂಬ ಅವಸರ.

ಸೊಂಟದಲ್ಲಿ ಏನೋ ಹಿಡಿದ ಹಾಗಾಯಿತು. ಬಿಟ್ಟಿತು. ಮತ್ತೆ ಹಿಡಿಯಿತು. ನಾನು ಯಾರಿಗೂ ಹೇಳಲಿಲ್ಲ. ಉಮ್ಮ ನನ್ನನ್ನೇ ನೋಡುತ್ತಿದ್ದವರು ಅಂಗಳಕ್ಕೆ ಇಳಿದು ಹೇಳಿದರು:

"ಡಾಕ್ಟ್ರೇ, ಆ ಚಕ್ರ ಅಲ್ಲಿ ಇರ್ಲಿ. ಇವಳ ಮುಖ ನೋಡಿ ಒಮ್ಮೆ."

ಬಡಿಯುವ ಸದ್ದು ನಿಂತಿತು.

ಅದರ ಮುಂದಿನದನ್ನು ಹೆಚ್ಚು ಬರೆಯಲಾರೆ. ಒಳಗಿನ ಕೋಣೆಯ ಚಾಪೆ, ಉಮ್ಮನ ಅಂಗೈಯ ಬಿಸಿ, ಬಾಗಿಲ ಹೊರಗೆ ಇವರ ಕಾಲುಗಳ ನೆರಳು. ಉಮ್ಮ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರ ಭಾಷೆಯಲ್ಲಿ ಏನೋ ಪ್ರಾರ್ಥನೆ ಹೇಳುತ್ತಿದ್ದರು. ಬೈಗಾಗುವ ಮೊದಲೇ ಎಲ್ಲ ಮುಗಿದಿತ್ತು. ಬಟ್ಟೆಯಲ್ಲಿ ಸುತ್ತಿದ್ದನ್ನು ಉಮ್ಮ ಬಾಗಿಲಾಚೆ ಇವರ ಕೈಗೆ ಕೊಟ್ಟರು. ಹಿತ್ತಿಲಿನ ಮೂಲೆ ತೋರಿಸಿ ಹಾರೆಯನ್ನೂ ಅವರೇ ಕೊಟ್ಟರಂತೆ. ನಾನು ನೋಡಲಿಲ್ಲ. ಮಣ್ಣು ಅಗೆಯುವ ಸದ್ದನ್ನು ಮಾತ್ರ ಕೇಳಿದೆ.

ಮರುದಿನ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ನನ್ನನ್ನು ಮನೆಗೆ ತಂದರು. ಮೋಟಾರ್ ಸೈಕಲು ಉಮ್ಮನ ಸೌದೆ ಕೊಟ್ಟಿಗೆಯಲ್ಲೇ ಉಳಿಯಿತು.

ಆರೈಕೆಗೆ ಬಂದ ನನ್ನ ಅಮ್ಮ, "ಗಾಡಿ ಅಂತ ಒಂದು ಇದ್ರೆ ಅಲ್ವಾ ಅದರಲ್ಲಿ ಕೂತ್ಕೊಳ್ಳುದು. ಗುಜರಿಗೆ ಕೊಡ್ಲಿ ಅದನ್ನು" ಎಂದು ಇವರಿಗೆ ಕೇಳುವ ಹಾಗೆಯೇ ಹೇಳಿದರು. ಪುತ್ತೂರಿನಲ್ಲಿ ನನ್ನನ್ನು ನೋಡಿದ ಹೆಂಗಸು ಡಾಕ್ಟರು, ಬಿದ್ದದ್ದರಿಂದಲೇ ಹೀಗಾಯಿತು ಎಂದು ಖಂಡಿತ ಹೇಳಲು ಬರುವುದಿಲ್ಲ, ಸುಮ್ಮನೆಯೂ ಆಗುತ್ತದೆ ಎಂದರು. ಆ ಮಾತಿನಿಂದ ನನಗೆ ಸ್ವಲ್ಪ ಸಮಾಧಾನವಾಯಿತು. ಇವರಿಗೆ ಆಗಲಿಲ್ಲ.

ಇವರು ನಡೆಯತೊಡಗಿದರು. ಬಸ್ಸು ಇರುವಲ್ಲಿಗೆ ಬಸ್ಸಿನಲ್ಲಿ, ಇಲ್ಲದಲ್ಲಿಗೆ ಕಾಲ್ನಡಿಗೆಯಲ್ಲಿ, ಮದ್ದಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು. ಕಡಬದ ಕಡೆ ಹೋದರೆ ಮರುದಿನವೇ ಬರುವುದು. ಕೆಲವು ಸಲ ಹೋಗಿ ಮುಟ್ಟುವಷ್ಟರಲ್ಲಿ ದನ ಸತ್ತಿರುತ್ತಿತ್ತು. ಒಮ್ಮೆ ಬಂದವರು ಅಂಗಿ ಬಿಚ್ಚದೆ ಜಗಲಿಯಲ್ಲಿ ಕೂತಿದ್ದರು. ಏನಾಯಿತು ಎಂದು ಕೇಳಿದೆ. "ಕರು ಬದುಕಿತು" ಎಂದರು. ಅಷ್ಟು ಹೇಳಿ ಬಾವಿಕಟ್ಟೆಯ ಕಡೆಗೆ ಹೋದರು. ತುಂಬ ಹೊತ್ತು ನೀರು ಸೇದುತ್ತಲೇ ಇದ್ದರು. ನಾವು ಒಂದೇ ಮನೆಯಲ್ಲಿ ಇದ್ದೆವು, ಒಂದೇ ಅನ್ನ ಉಣ್ಣುತ್ತಿದ್ದೆವು, ಆದರೆ ಆ ದಿನದ ಬಗ್ಗೆ ಒಂದು ಮಾತನ್ನೂ ಆಡುತ್ತಿರಲಿಲ್ಲ. ನಾನು ಬಾಯಿ ತೆರೆದರೆ ಇವರಿಗೆ ಏನಾದರೂ ಕೆಲಸ ನೆನಪಾಗುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಉಮ್ಮ ಬಸ್ಸಿನ ಕಂಡಕ್ಟರಲ್ಲಿ ಹೇಳಿ ಕಳಿಸಿದರು. ಗಾಡಿಗೆ ತುಕ್ಕು ಹಿಡಿಯುತ್ತಾ ಉಂಟು, ಎಂತ ಮಾಡುದು ಎಂದು.

"ಅಲ್ಲೇ ಇರ್ಲಿ" ಎಂದರು ಇವರು.

ಇವರು ಡ್ಯೂಟಿಗೆ ಹೋದ ಒಂದು ದಿನ ನಾನೊಬ್ಬಳೇ ಬಸ್ಸು ಹತ್ತಿ ಆ ತಿರುವಿನಲ್ಲಿ ಇಳಿದೆ. ಗಾಡಿಗಾಗಿ ಹೋದೆ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಉಮ್ಮ ನನ್ನನ್ನು ಕಂಡ ಕೂಡಲೇ ಏನೂ ಕೇಳದೆ ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದರು. ಹಲಸಿನ ಮರದ ಆಚೆ ಒಂದಷ್ಟು ಜಾಗಕ್ಕೆ ಸುತ್ತ ಕಲ್ಲು ಜೋಡಿಸಿದ್ದರು.

"ಕೋಳಿ ಕೆದಕ್ತದೆ ಮಗಳೇ. ಅದಕ್ಕೆ ಇಟ್ಟದ್ದು," ಎಂದರು.

ನಾನು ಅಲ್ಲಿ ಕೂತು ಅತ್ತೆ. ಆವರೆಗೆ ಅಷ್ಟು ಅತ್ತಿರಲಿಲ್ಲ. ಉಮ್ಮ ಸುಮ್ಮನಿರು ಎನ್ನಲಿಲ್ಲ, ನನ್ನ ಬಳಿ ಕುಕ್ಕರುಗಾಲಿನಲ್ಲಿ ಕೂತು ತಾವೂ ಕಣ್ಣೊರೆಸಿಕೊಂಡರು. ಅವರದೂ ಎರಡು ಹೋಗಿದ್ದವಂತೆ. "ಗಂಡಸರಿಗೆ ಅಳ್ಲಿಕ್ಕೆ ಯಾರೂ ಕಲಿಸುದಿಲ್ಲ. ನಿನ್ನ ಗಂಡ ಅವತ್ತು ಇಲ್ಲಿಂದ ಏಳ್ಲೇ ಇಲ್ಲ. ನಾನೇ ಎಬ್ಬಿಸಿದ್ದು," ಎಂದರು.

ಅದನ್ನು ಕೇಳಿದ ಮೇಲೆ ನನಗೆ ಒಂದು ಹಟ ಬಂತು. ಉಮ್ಮನ ಗಂಡ ಮನೆಯಲ್ಲಿದ್ದರು, ಮುಂದಿನ ಚಕ್ರವನ್ನು ಬಿಚ್ಚಿ ಕೊಡಿ ಎಂದೆ. ಪುತ್ತೂರಿನ ಬಸ್ಸು ಬಂದಾಗ ಅವರೇ ಅದನ್ನು ಮೇಲೆ ಹಾಕಿಸಿದರು. ಪುತ್ತೂರಿನಲ್ಲಿ ಮೋಟಾರ್ ಸೈಕಲ್ ರಿಪೇರಿ ಅಂಗಡಿಯವರು ಚಕ್ರವನ್ನು ತಿರುಗಿಸಿ ನೋಡಿ, "ರಿಮ್ಮು ಹೋಯ್ತು ಅಕ್ಕಾ. ನಡುವಿನ ಹಬ್ಬಿಗೆ ಎಂತ ಆಗ್ಲಿಲ್ಲ. ಇದೇ ಅಳತೆಯ ಹಳೇ ರಿಮ್ಮು ಒಂದು ನನ್ನಲ್ಲಿ ಉಂಟು. ಇಟ್ಟು ಹೋಗಿ, ಕಡ್ಡಿ ಕಟ್ಟಿ ಕೊಡ್ತೇನೆ" ಎಂದರು.

"ಬೇಡ. ಸಾಮಾನು ಕೊಡಿ. ನಮ್ಮವರೇ ಕಟ್ತಾರೆ," ಎಂದೆ. ಇವರನ್ನು ಕೇಳಿರಲೇ ಇಲ್ಲ.

ಸಂಜೆ ಮನೆಗೆ ಬಂದ ಇವರು ಜಗಲಿಯಲ್ಲಿದ್ದ ಹಬ್ಬು, ರಿಮ್ಮು, ಕಡ್ಡಿಗಳ ಕಟ್ಟು ನೋಡಿ ನಿಂತುಬಿಟ್ಟರು.

"ಯಾರು ಹೇಳಿದ್ದು ನಿಂಗೆ ಇದನ್ನು ತರ್ಲಿಕ್ಕೆ?"

"ಯಾರೂ ಹೇಳ್ಲಿಲ್ಲ. ಉಮ್ಮನಲ್ಲಿಗೆ ಹೋಗಿದ್ದೆ."

ಇವರು ಸಾಮಾನನ್ನು ದಾಟಿಕೊಂಡು ಒಳಗೆ ಹೋದರು. ಮುಂದೆ ಎಷ್ಟೋ ದಿನ ಆ ಸಾಮಾನು ಅಲ್ಲೇ ಬಿದ್ದಿತ್ತು. ನಾನು ಅದರ ಸುತ್ತ ಗುಡಿಸುತ್ತಿದ್ದೆ, ಇವರು ಅದನ್ನು ಬಳಸಿ ನಡೆಯುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಲೋಟ ಇಟ್ಟವರು ರಿಮ್ಮನ್ನು ತೊಡೆಯ ಮೇಲೆಳೆದುಕೊಂಡರು. ಕಡ್ಡಿಗಳನ್ನು ಒಂದೊಂದಾಗಿ ಹಬ್ಬಿನ ತೂತಿನಿಂದ ರಿಮ್ಮಿನ ತೂತಿಗೆ ಪೋಣಿಸುತ್ತ ಹೋದರು. ನಾನು ಹತ್ತಿರ ಕೂತು ಕಡ್ಡಿ ಎತ್ತಿ ಕೊಡತೊಡಗಿದೆ. ಬೇಡವೆನ್ನಲಿಲ್ಲ. ಎಲ್ಲ ಕಟ್ಟಿಯಾದ ಮೇಲೆ ಚಕ್ರವನ್ನು ಎರಡು ಮಣೆಗಳ ನಡುವೆ ನಿಲ್ಲಿಸಿ ತಿರುಗಿಸಿದರು. ನನ್ನ ಕೈಗೆ ಸೀಮೆಸುಣ್ಣ ಕೊಟ್ಟು ರಿಮ್ಮಿನ ಹತ್ತಿರ ಅಲುಗಾಡದೆ ಹಿಡಿಯಲು ಹೇಳಿದರು. ಎಲ್ಲಿ ಗೀರು ಬೀಳುತ್ತದೋ ಅಲ್ಲಿ ವಾಲಿದೆ ಎಂದು ಅರ್ಥ, ಅಲ್ಲಿ ಆಚೆ ಬದಿಯ ಕಡ್ಡಿಯನ್ನು ಬಿಗಿ ಮಾಡಬೇಕು. ತಿರುಗಿಸುವುದು, ಗೀರು, ಬಿಗಿ ಮಾಡುವುದು, ಒರೆಸುವುದು. ಹೀಗೇ ನಡೆದಿತ್ತು. ಇವರು ಚಕ್ರದ ಮೇಲಿನ ಕಣ್ಣು ತೆಗೆಯದೆ ಹೇಳಿದರು:

"ಹೆಣ್ಣು."

ನನಗೆ ಅರ್ಥವಾಗಲಿಲ್ಲ. ಸುಣ್ಣ ಹಿಡಿದ ಕೈ ಹಾಗೆಯೇ ಇತ್ತು.

"ಹೆಣ್ಣು ಆಗಿತ್ತು. ಬಟ್ಟೆ ಬಿಡಿಸಿ ನೋಡಿದೆ ನಾನು. ಕೈಬೆರಳು ಎಲ್ಲ ಬಂದಿತ್ತು. ನಿಂಗೆ ಹೇಗೆ ಹೇಳುದು ಅಂತ ಗೊತ್ತಾಗ್ಲಿಲ್ಲ."

ಚಕ್ರ ತನ್ನಷ್ಟಕ್ಕೆ ತಿರುಗಿ ನಿಧಾನವಾಯಿತು, ನಿಂತಿತು. "ಎಷ್ಟು ದನಕ್ಕೆ ಹೆರಿಗೆ ಮಾಡಿಸಿದ್ದೇನೆ ಮಾರಾಯ್ತಿ," ಎಂದವರು ಎಣ್ಣೆ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತರು. ಗಂಡಸೊಬ್ಬ ಹಾಗೆ ಅಳುವುದನ್ನು ನಾನು ಮೊದಲು ಕಂಡಿರಲಿಲ್ಲ. ನಾನು ಇವರ ಬೆನ್ನ ಮೇಲೆ ಕೈಯಿಟ್ಟೆ. ಯಾರೋ ಕರು ತೋರಿಸಲೆಂದು ಅಂಗಳಕ್ಕೆ ಬಂದವರು ನಮ್ಮನ್ನು ಕಂಡು ಸದ್ದಿಲ್ಲದೆ ಹಿಂದೆ ಹೋದರು.

ಆ ಮೇಲೆ ನಮಗೆ ಇಬ್ಬರು ಗಂಡುಮಕ್ಕಳಾದರು. ಹೆಣ್ಣು ಆಗಲಿಲ್ಲ. ಮಕ್ಕಳಿಗೆ ನಾವು ಇದನ್ನು ಹೇಳಲಿಲ್ಲ. ಆದರೆ ಆ ಭಾನುವಾರದ ನಂತರ ನಾವಿಬ್ಬರೂ ಅವಳ ಬಗ್ಗೆ ಮಾತಾಡಬಲ್ಲವರಾದೆವು. ಈಗ ಶಾಲೆಗೆ ಹೋಗುವ ಪ್ರಾಯ ಆಗ್ತಿತ್ತು ಎಂದು ಇವರು ಒಮ್ಮೆ ಉಣ್ಣುತ್ತ ಹೇಳಿದ್ದುಂಟು.

ಅಂದು ಕಟ್ಟಿದ ಚಕ್ರವನ್ನು ಮುಂದಿನ ಭಾನುವಾರವೇ ತೆಗೆದುಕೊಂಡು ಉಮ್ಮನ ಮನೆಗೆ ಒಟ್ಟಿಗೇ ಹೋಗಿದ್ದೆವು. ಇವರು ಮೊದಲು ಹಿತ್ತಿಲಿಗೆ ಹೋಗಿ ಬಂದರು, ಆಮೇಲೆ ಗಾಡಿಗೆ ಚಕ್ರ ಕೂರಿಸಿದರು. ಎಷ್ಟೋ ಸಲ ಒದ್ದ ಮೇಲೆ ಗಾಡಿ ಹೊಗೆ ಕಾರಿ ಸ್ಟಾರ್ಟ್ ಆಯಿತು. ಉಮ್ಮ ನನ್ನನ್ನು ಅದರ ಮೇಲೆ ಕೂರಲು ಬಿಡಲಿಲ್ಲ. ಇವರೂ ಕರೆಯಲಿಲ್ಲ. ನಾನು ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ. ಬಸ್ಸು ಏರಿನಲ್ಲಿ ಏದುಸಿರು ಬಿಡುತ್ತ ಹೋಗುತ್ತಿತ್ತು, ಮನಸ್ಸು ಮಾಡಿದ್ದರೆ ಇವರು ಸುಲಭವಾಗಿ ಮುಂದೆ ದಾಟಿ ಹೋಗಬಹುದಿತ್ತು. ಹೋಗಲಿಲ್ಲ. ಬೆಳ್ಳಾರೆ ಬರುವವರೆಗೂ ಬಸ್ಸಿನ ಕೆಂಪು ಧೂಳನ್ನೆಲ್ಲ ತಲೆ ಮೇಲೆ ಹಾಕಿಸಿಕೊಂಡು ಹಿಂದಿನಿಂದಲೇ ಬಂದರು.