ಪೂಜೆಗಿಟ್ಟ ಜಾಕು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮೂರು ತಿಂಗಳು ಒಂದು ವ್ಯಾನಿನಲ್ಲಿ ಸಂಸಾರ ಮಾಡಿದೆ. ಹಳ್ಳಿಗಳಿಗೆ ಔಷಧಿ ಒಯ್ಯುವ ವ್ಯಾನು ಅದು, ನಾನು ಅದರ ನರ್ಸು. ಒಳಗೆ ಒಂದು ಕಡೆ ಔಷಧಿಯ ಬೀರು, ಇನ್ನೊಂದು ಕಡೆ ರೋಗಿಯನ್ನು ಮಲಗಿಸುವ ಹಲಗೆ. ರಾತ್ರಿಯಾದರೆ ಆ ಹಲಗೆಯೇ ನನ್ನ ಮಂಚ, ಕೆಳಗಿನ ಜಾಗ ನನ್ನ ಸಹಾಯಕಿ ಆಯಮ್ಮನದು. ಬೆಳಿಗ್ಗೆ ಸೀಮೆಎಣ್ಣೆ ಸ್ಟೌವಿನ ಮೇಲೆ ಸಿರಿಂಜು ಕುದಿಯುತ್ತಿತ್ತು, ಅದು ಇಳಿದ ಮೇಲೆ ಅದೇ ಸ್ಟೌವಿನಲ್ಲಿ ಅನ್ನ. ಡ್ರೈವರ್ ಸಾಬರು ಊರ ಚಾವಡಿಯಲ್ಲೋ ಶಾಲೆಯ ಜಗಲಿಯಲ್ಲೋ ಮಲಗುತ್ತಿದ್ದರು. ಗೌರಿಬಿದನೂರಿನಿಂದ ಹೊರಟು, ತೊಂಡೇಬಾವಿಯ ಕಡೆಯ ಹಳ್ಳಿಗಳನ್ನು ಮುಗಿಸಿ, ಚಿಕ್ಕಬಳ್ಳಾಪುರದ ಮೇಲೆ ಶಿಡ್ಲಘಟ್ಟ, ಚಿಂತಾಮಣಿಯವರೆಗೆ ಹೋಗಬೇಕಿತ್ತು.

ಸಾಬರು ಶಿಡ್ಲಘಟ್ಟದವರು, ಐವತ್ತು ದಾಟಿದವರು. ಮನೆಯವರೆಲ್ಲ ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿದ್ದರು, ಇವರೊಬ್ಬರು ಮಾತ್ರ ಗಾಡಿಗೆ ಬಿದ್ದಿದ್ದರು. ಬೆಳಿಗ್ಗೆ ನಮಾಜು ಮುಗಿಸಿದವರೇ ವ್ಯಾನಿನ ಸೇವೆಗೆ ನಿಲ್ಲುತ್ತಿದ್ದರು. ರೇಡಿಯೇಟರಿಗೆ ನೀರು, ಅದೂ ಬಟ್ಟೆಯಲ್ಲಿ ಸೋಸಿದ್ದು. ಎಂಜಿನ್ನಿನ ಎಣ್ಣೆಗೆ ಕಡ್ಡಿ ಅದ್ದಿ ನೋಡುವುದು. ನಾಲ್ಕು ಚಕ್ರದ ನಟ್ಟುಗಳನ್ನೂ ಒಂದೊಂದಾಗಿ ಬಿಗಿ ಮಾಡುವುದು. ಆಮೇಲೆ ಒಂದು ಕೋಲಿನಿಂದ ಟೈರುಗಳನ್ನು ಬಡಿದು, ತಲೆ ವಾರೆ ಮಾಡಿ ಸದ್ದು ಕೇಳುವುದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಲ್ಲಿ ರೋಗಿಗಳು ಸಾಲುಗಟ್ಟಿ ಕೂತಿದ್ದರೆ ಇಲ್ಲಿ ಇವರದು ಟೈರಿನ ಜೊತೆ ಮಾತುಕತೆ.

"ಬೇಗ ಹೊರಡಿ ಸಾಬ್ರೇ, ನಿನ್ನೆ ತಾನೆ ನೋಡಿದ್ರಲ್ಲ?" ಎಂದರೆ, "ನಿನ್ನೆ ಊಟ ಮಾಡಿದೀವಿ ಅಂತ ಇವತ್ತು ಬಿಡ್ತೀವಾ ಅಮ್ಮ?" ಎನ್ನುತ್ತಿದ್ದರು.

ಆ ಸೀಮೆಯಲ್ಲಿ ಹೊಲಕ್ಕೆಲ್ಲ ಜಾಲಿ ಮುಳ್ಳಿನ ಬೇಲಿ. ಬಂಡಿಜಾಡಿನಲ್ಲಿ ಒಂದು ದಿನ ಓಡಾಡಿದರೆ ಟೈರಿನ ತುಂಬ ಮುಳ್ಳು. ಒಮ್ಮೆ ಅದನ್ನು ಕೀಳಲು ಸಾಬರು ನನ್ನ ಚಿಮುಟ ಕೇಳಿದರು. "ಇದು ಹೆರಿಗೆ ಸಾಮಾನು, ಕಬ್ಬಿಣದ ಅಂಗಡಿ ಅಂದ್ಕೊಂಡ್ರಾ?" ಎಂದು ರೇಗಿದೆ. ಅವರು ಸೀಟಿನ ಕೆಳಗಿನ ಮರದ ಪೆಟ್ಟಿಗೆಯಿಂದ ತಮ್ಮ ಇಕ್ಕಳ ತೆಗೆದುಕೊಂಡರು. ಜಾಕು, ಸ್ಪಾನರು, ಸುತ್ತಿಗೆ ಎಲ್ಲ ಆ ಪೆಟ್ಟಿಗೆಯಲ್ಲೇ. ಅದರಿಂದ ಏನು ತೆಗೆಯಬೇಕು, ಏನು ಇಡಬೇಕು ಎಂದು ಅವರು ಯಾರನ್ನೂ ಕೇಳಿದವರಲ್ಲ.

ಆಯುಧಪೂಜೆಯ ಹೊತ್ತಿಗೆ ನಾವು ಪೆರೇಸಂದ್ರದಲ್ಲಿದ್ದೆವು. ದಸರಾ ರಜೆಯಾದ್ದರಿಂದ ಶಾಲೆಯ ಕೋಣೆ ನಮಗೆ ಸಿಕ್ಕಿತ್ತು. ಸಾಬರೇ ವ್ಯಾನು ತೊಳೆದು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳಕಾಯಿಯನ್ನೂ ತಂದಿಟ್ಟರು. ನಾನು ಕೋಣೆಯಲ್ಲಿ ದೇವರ ಪಟ ಇಟ್ಟು, ಅದರ ಮುಂದೆ ನನ್ನ ಸಿರಿಂಜಿನ ಡಬ್ಬಿ, ಕತ್ತರಿ, ಚಿಮುಟ ಜೋಡಿಸಿ, ಅವರ ಪೆಟ್ಟಿಗೆಯನ್ನೂ ತರಿಸಿದೆ.

"ಗಾಡೀಲೇ ಇರ್ಲಿ ಅಮ್ಮ. ಮುಚ್ಚಳ ತೆಗೀತೀನಿ, ಅಲ್ಲೇ ಕುಂಕುಮ ಇಟ್ಟುಬಿಡಿ" ಎಂದರು.

"ಪೂಜೆ ಅಂದ್ಮೇಲೆ ಕ್ರಮವಾಗಿ ಆಗ್ಬೇಕು" ಎಂದೆ. ನಮ್ಮ ಮನೆಯಲ್ಲಿ ಪೂಜೆಗಿಟ್ಟ ಹತಾರವನ್ನು ವಿಜಯದಶಮಿಯವರೆಗೆ ಮುಟ್ಟುತ್ತಿರಲಿಲ್ಲ. ಆಗ ನನಗೆ ಇಪ್ಪತ್ತಾರು, ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಜಾಕಿಗೆ, ಸ್ಪಾನರಿಗೆ ನಾನೇ ಅರಿಸಿನ ಕುಂಕುಮ ಹಚ್ಚಿ ಹೂವಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಯುವಕ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಬಂದ. ನಾಲ್ಕು ಮೈಲಿ ಒಳಗಿನ ಹಳ್ಳಿಯವನು. ಹೆಂಡತಿಗೆ ಬೆಳಿಗ್ಗೆ ಹೆರಿಗೆಯಾಗಿದೆ, ಮಗು ಚೆನ್ನಾಗಿದೆ, ಮಾಸು ಬಿದ್ದಿಲ್ಲ, ರಕ್ತ ನಿಲ್ಲುತ್ತಿಲ್ಲ. ನಾನು ಕ್ಷಣವೂ ಯೋಚಿಸದೆ ಪಟದ ಮುಂದೆ ಕೈಮುಗಿದು ನನ್ನ ಸಿರಿಂಜು, ಕತ್ತರಿ, ಚಿಮುಟ ಎತ್ತಿಕೊಂಡೆ. ಜೀವದ ಪ್ರಶ್ನೆ, ದೇವರು ಕ್ಷಮಿಸುತ್ತಾನೆ.

ಸಾಬರು ಚಪ್ಪಲಿ ಬಿಟ್ಟು ಹೊಸ್ತಿಲಲ್ಲಿ ನಿಂತು ಜಾಕಿನ ಕಡೆ ಕೈ ಚಾಚಿದರು.

"ಅದು ಬೇಡ ಸಾಬ್ರೇ, ಮುಟ್ಬೇಡಿ. ನಾಕು ಮೈಲಿಗೆ ಅದ್ಯಾಕೆ? ನಾಳೆ ತಗೊಂಡ್ರಾಯ್ತು."

"ಮುಳ್ಳು ದಾರಿ ಅಮ್ಮ."

"ಹೊತ್ತಾಗ್ತದೆ, ನಡೀರಿ."

ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆ ಕೈ ಇವತ್ತಿಗೂ ನನ್ನ ಕಣ್ಣ ಮುಂದಿದೆ. ನಾನು ಬೇಡ ಎಂದದ್ದು ಪೂಜೆಯ ನಿಯಮಕ್ಕಾಗಿಯೋ, ಆ ಕೈ ಸಾಬರದು ಎಂದೋ? ನಿಯಮವಾಗಿದ್ದರೆ ನನ್ನ ಸಿರಿಂಜಿಗೂ ಇರಬೇಕಿತ್ತು. ಈ ಪ್ರಶ್ನೆಯನ್ನು ನನಗೆ ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ಬಂದ ಉತ್ತರ ನನಗೆ ಹಿಡಿಸಿಲ್ಲ.

ಯುವಕನ ಸೈಕಲ್ಲನ್ನು ಶಾಲೆಯಲ್ಲೇ ಬಿಟ್ಟು, ದಾರಿ ತೋರಿಸಲು ಅವನನ್ನು ಕೂರಿಸಿಕೊಂಡು ಹೊರಟೆವು. ಹೋಗುವಾಗ ಏನೂ ಆಗಲಿಲ್ಲ. ನೋಡಿದಿರಾ ಎನ್ನುವಂತೆ ನಾನು ಸಾಬರ ಕಡೆ ತಿರುಗಿದ್ದೂ ನಿಜ.

ಹುಡುಗಿಗೆ ಇಪ್ಪತ್ತು ತುಂಬಿರಲಿಲ್ಲ, ಚೊಚ್ಚಲು. ಮಾಸು ಚೂರುಚೂರಾಗಿ ಬಂತು. ಸೂಜಿಮದ್ದು ಕೊಟ್ಟೆ, ಹೊಟ್ಟೆ ಒತ್ತಿ ಹಿಡಿದೆ. ರಕ್ತ ಕಡಿಮೆಯಾಯಿತು, ನಿಲ್ಲಲಿಲ್ಲ. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಮುಟ್ಟಿಸಿದರೆ ಉಳಿಯುತ್ತಾಳೆ ಎನ್ನಿಸಿತು, ಗಂಡನಿಗೂ ಹಾಗೇ ಹೇಳಿದೆ. ಹಲಗೆಯ ಮೇಲೆ ಮಲಗಿಸಿದೆವು. ಅತ್ತೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಆಯಮ್ಮನ ಪಕ್ಕ ಕೂತಳು.

ಊರು ಬಿಟ್ಟು ಒಂದು ಮೈಲಿ ಆಗಿತ್ತು, ಹಿಂದಿನ ಚಕ್ರದಿಂದ ಗಾಳಿ ಹೋದ ಸದ್ದು ಬಂತು. ಸಾಬರು ಗಾಡಿ ನಿಲ್ಲಿಸಲಿಲ್ಲ. ಗಾಳಿಯಿಲ್ಲದ ಚಕ್ರದಲ್ಲೇ ಮೆಲ್ಲಗೆ ಓಡಿಸಿದರು. ಒಂದೊಂದು ಕುಲುಕಿಗೂ ನನ್ನ ಅಂಗೈ ಕೆಳಗೆ ರಕ್ತ ಬೆಚ್ಚಗೆ ಹರಿಯುತ್ತಿತ್ತು. ಮುಂದಿನ ಹಳ್ಳದ ಮರಳಿನಲ್ಲಿ ಚಕ್ರ ಹೂತು ವ್ಯಾನು ನಿಂತೇಬಿಟ್ಟಿತು.

ಸ್ಟೆಪ್ನಿ ಇತ್ತು. ಬಾಗಿಲ ಪಕ್ಕದಲ್ಲೇ ಇತ್ತು, ಹೊಸ ಟೈರು, ನಡುವೆ ಕುಂಕುಮ, ಮೇಲೊಂದು ಹೂವಿನ ಹಾರ. ಚಕ್ರ ಎತ್ತಲು ಜಾಕು, ನಟ್ಟು ಬಿಚ್ಚಲು ಸ್ಪಾನರು ಮಾತ್ರ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನಗೆ ಒಲೆ ಉರಿದದ್ದು ಆ ಹಳ್ಳದಲ್ಲಿ.

ಸಾಬರು ನನ್ನ ಮುಖ ಕೂಡ ನೋಡದೆ ಪೆರೇಸಂದ್ರದ ಕಡೆ ಓಡಿದರು. ಆ ವಯಸ್ಸಿನಲ್ಲಿ, ಆ ಬಿಸಿಲಿನಲ್ಲಿ ಮೂರು ಮೈಲಿ ಹತ್ತಿರ. ಗಂಡ ಎತ್ತಿನ ಗಾಡಿ ತರಲು ಊರ ಕಡೆ ಓಡಿದ.

ಹುಡುಗಿಗೆ ಎಚ್ಚರವಿತ್ತು. "ಅಮ್ಮಾ, ಗಾಡಿ ಯಾಕೆ ನಿಂತೈತೆ?" ಎಂದು ಕೇಳಿದಳು.

"ಈಗ ಹೊರಡ್ತದೆ ಕಣಮ್ಮ."

ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದಳು, ನಾನೂ ಅದೇ ಸುಳ್ಳು ಹೇಳಿದೆ. ಮೂರನೆಯ ಸಲ ಕೇಳಲಿಲ್ಲ. ಆಯಮ್ಮ "ಅಯ್ಯೋ ದೇವುಡಾ" ಎಂದು ಹಣೆ ಚಚ್ಚಿಕೊಂಡ ಮೇಲೂ ನಾನು ಹೊಟ್ಟೆ ಒತ್ತುತ್ತಲೇ ಇದ್ದೆ. ಅತ್ತೆಯ ಮಡಿಲಲ್ಲಿ ಮಗು ಹಾಲಿಗೆ ಅಳುತ್ತಿತ್ತು.

ಮೊದಲು ಬಂದದ್ದು ಎತ್ತಿನ ಗಾಡಿ. ಬೆಳಿಗ್ಗೆ ಪೂಜೆ ಮಾಡಿ ನಿಲ್ಲಿಸಿದ್ದ ಗಾಡಿ ಅದು, ನೊಗದಲ್ಲಿ ಹರಿದ ಹಾರ ಇನ್ನೂ ಜೋತಾಡುತ್ತಿತ್ತು. ಪೂಜೆಯ ಗಾಡಿ ಕಟ್ಟಬಾರದು ಎಂದು ಆ ಊರಿನಲ್ಲಿ ಯಾರೂ ಹೇಳಿರಲಿಲ್ಲ. ಓದು ಬರಹ ಕಲಿತ ನಾನು ಹೇಳಿದ್ದೆ.

ಆಮೇಲೆ ಸಾಬರು ಆ ಯುವಕನ ಸೈಕಲ್ಲಿನಲ್ಲೇ ಬಂದರು, ಹಿಂದೆ ಜಾಕು, ಸ್ಪಾನರು ಕಟ್ಟಿಕೊಂಡು. ಒಳಗೆ ಇಣುಕಿ ನೋಡಿ, ಸೈಕಲ್ಲಿಗೆ ಕಟ್ಟಿದ್ದ ಜಾಕು ಬಿಚ್ಚಿದರು. ಹೆಣವನ್ನಾದರೂ ಎತ್ತಿನ ಗಾಡಿಗೆ ಇಳಿಸದೆ, ಮಲಗಿಸಿದ ಹಲಗೆಯ ಮೇಲೆಯೇ ಮನೆಗೆ ಮುಟ್ಟಿಸಬೇಕಿತ್ತು. ಮರಳಿನ ಮೇಲೆ ಚಪ್ಪಡಿ ಕಲ್ಲಿಟ್ಟು, ಅದರ ಮೇಲೆ ಜಾಕು ಕೊಟ್ಟು ಚಕ್ರ ಬದಲಾಯಿಸಿದರು. ಅವರ ಬೆರಳಿಗೆಲ್ಲ ನಾನು ಹಚ್ಚಿದ ಕುಂಕುಮ ಮೆತ್ತಿಕೊಂಡಿತು.

ಗಂಡ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಪೂರ್ತಿ ನೋಡಿದ. ಕೊನೆಯ ನಟ್ಟು ಬಿಗಿಯಾದಾಗ ಕೇಳಿದ:

"ಇಷ್ಟೇನಾ? ಇಷ್ಟು ಹೊತ್ತೇನಾ ಆಗೋದು?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದ ಒಂದು ಸಂಗತಿಯನ್ನು ಕೇಳಿ ತಿಳಿದುಕೊಳ್ಳುವವನ ದನಿ ಅದು. ಸಾಬರು ತಲೆ ಎತ್ತದೆ ಜಾಕು ಇಳಿಸಿದರು. ಜಾಕು ಎಲ್ಲಿತ್ತು, ಯಾಕಿತ್ತು ಎಂದು ನಾನು ಅವನಿಗೆ ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ನನ್ನ ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಪ್ರವಾಸ ನಿಲ್ಲಲಿಲ್ಲ. ಶಿಡ್ಲಘಟ್ಟಕ್ಕೆ ಹೋದೆವು, ಚಿಂತಾಮಣಿಗೂ ಹೋದೆವು. ಸಾಬರು ಎಂದಿನಂತೆ ನೀರು ಸೋಸಿದರು, ನಟ್ಟು ಬಿಗಿ ಮಾಡಿದರು, ಟೈರು ಬಡಿದರು. ನಾನು ಅವಸರ ಮಾಡುವುದನ್ನು ಬಿಟ್ಟಿದ್ದೆ.

ಒಂದು ಮಾತ್ರ ಹೊಸದಾಗಿ ಸೇರಿತ್ತು. ಆ ಪೆಟ್ಟಿಗೆಯ ವಿಷಯದಲ್ಲಿ ಯಾರನ್ನೂ ಕೇಳದಿದ್ದ ಮನುಷ್ಯ, ಪ್ರವಾಸ ಮುಗಿಯುವವರೆಗೆ ದಿನಾ ಬೆಳಿಗ್ಗೆ ಅದನ್ನು ಕೈಯಲ್ಲಿ ಹಿಡಿದು ವ್ಯಾನಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು:

"ಅಮ್ಮಾ, ಸಾಮಾನು ಹಾಕ್ಕೊಳ್ಳಾ?"

ಚುಚ್ಚಲೆಂದು ಕೇಳುತ್ತಿದ್ದರೋ, ನಿಜವಾಗಿಯೂ ನನ್ನ ಅಪ್ಪಣೆ ಬೇಕು ಎಂದುಕೊಂಡಿದ್ದರೋ, ಕೇಳುವ ಧೈರ್ಯ ನನಗಿರಲಿಲ್ಲ. "ಹಾಕ್ಕೊಳ್ಳಿ ಸಾಬ್ರೇ" ಎನ್ನುತ್ತಿದ್ದೆ.